ಸುಮನಾ ಕಟ್ಟಿದ ಗಂಟು

ಕಡೂರಿನಿಂದ ಅಜ್ಜಂಪುರದವರೆಗೆ ಯಾವ ಕಾರು ಕೆಮ್ಮಿದರೂ ನಾನು ಜಗಲಿಯಲ್ಲಿ ಕೂತೇ ಅದರ ರೋಗ ಹೇಳಿಬಿಡುತ್ತೇನೆ. ಮೆಕ್ಯಾನಿಕ್‌ಗಳು ನನ್ನನ್ನು ಕೇಳಿಯೇ ಬಾನೆಟ್ ಎತ್ತುತ್ತಾರೆ. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಅಂತ ಕೇಳಬೇಡಿ. ಈ ಮಲ್ಲಿಕಾಂಬನ ಮಾತನ್ನು ಜರಡಿ ಹಿಡಿಯಲು ಹೋದವರಿಗೆ ಬರೀ ಹೊಟ್ಟು ಸಿಕ್ಕಿದೆ. ಆದರೆ ಒಂದು ಕಾರಿನ ರೋಗ ಮಾತ್ರ ನಿಜವಾಗಿಯೂ ನನ್ನ ಕಣ್ಣೆದುರೇ ಪತ್ತೆಯಾಯಿತು. ಅದು ನನ್ನ ಮಗಳು ಸುಮನಾಳ ಕಾರು.

ಗಂಡ ಹೋದ ಮೇಲೆ ನನಗಿದ್ದವಳು ಅವಳೊಬ್ಬಳೇ. ಹೋದ ವರ್ಷಕ್ಕಿಂತ ಹಿಂದಿನ ವರ್ಷ ಆಯುಧಪೂಜೆ ಮಾಡಿದಳು, ಜ್ವರ ಅಂತ ಮಲಗಿದಳು, ದೀಪಾವಳಿಗೆ ಹಣತೆ ಹಚ್ಚುವಷ್ಟರಲ್ಲಿ ಇರಲಿಲ್ಲ. ಕಾರು ಅವಳ ಗಂಡ ಓಂಕಾರೇಶನ ಬಳಿ ಉಳಿಯಿತು. ಕಡೂರಿನಲ್ಲಿ ದನದ ಡಾಕ್ಟರು ಅವನು. ಪ್ರತಿ ಸೋಮವಾರ ಅಜ್ಜಂಪುರಕ್ಕೆ ಬಂದು, ನನ್ನನ್ನು ಕೂರಿಸಿಕೊಂಡು ಅಮೃತಾಪುರದ ದೇವಸ್ಥಾನಕ್ಕೆ ಹೋಗಿ ಬರುತ್ತಾನೆ. ದಾರಿಯುದ್ದಕ್ಕೂ ತುಟಿ ಬಿಚ್ಚುವುದಿಲ್ಲ. ಅವನ ಪಾಲಿನ ಮಾತನ್ನೂ ನಾನೇ ಆಡುತ್ತೇನೆ. ಅವಳ ಹೆಸರನ್ನಂತೂ ಅವನು ಒಂದು ದಿನವೂ ಎತ್ತಲಿಲ್ಲ. ಮರೆತುಬಿಟ್ಟ, ಗಂಡಸಲ್ಲವೇ ಅಂದುಕೊಂಡಿದ್ದೆ.

ಆ ಸೋಮವಾರ ಕಾರು ತೆವಳುತ್ತಿತ್ತು. ಒಂದು ಗಬ್ಬದ ಎಮ್ಮೆ ನಮ್ಮನ್ನು ಹಿಂದೆ ಹಾಕಿತು. ಹಾಕಿದ್ದಲ್ಲದೆ ತಿರುಗಿ ನೋಡಿ ನಕ್ಕಿತು.

"ಏನ್ ಡಾಕ್ಟ್ರೇ, ಕಾರಿಗೂ ಕಾಲುಬಾಯಿ ಜ್ವರ ಬಂತಾ?" ಎಂದೆ.

"ಇಂಜಿನ್ ಕೆಟ್ಟಿದೆ ಅನ್ನೋ ದೀಪ ಹತ್ಕೊಂಡಿದೆ ಅತ್ತೆ, ಎಳೀತಿಲ್ಲ. ತರೀಕೆರೇಲಿ ತೋರಿಸ್ದೆ. ಹೊಸ ಸೆನ್ಸರ್ ಹಾಕಿದ್ರು. ಊರು ದಾಟೋಷ್ಟ್ರಲ್ಲಿ ಮತ್ತೆ ಹತ್ಕೊಂತು." ಗೇರು ಇಳಿಸಿದ. "ಮೊನ್ನೆ ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಲ್ಲಿ ಒಂದು ಹಸು ಕರು ಹಾಕಕ್ಕಾಗ್ದೆ ಒದ್ದಾಡ್ತಿತ್ತು. ಇದು ತೆವಳ್ಕೊಂಡು ಹೋಗೋಷ್ಟ್ರಲ್ಲಿ ಕರು ಹೋಗಿತ್ತು."

ಅಮೃತಾಪುರ ಬೇಡ, ತಿರುಗಿಸಿ ಅಂದೆ. ನಮ್ಮೂರಿನ ಯೋಗಾನಂದನ ಶೆಡ್ಡಿಗೆ ಹೋದೆವು.

ಯೋಗಾನಂದ ಸ್ಟೇರಿಂಗಿನ ಕೆಳಗೆ ಕಾರಿನ ರೋಗ ತೋರಿಸುವ ಒಂದು ಪೆಟ್ಟಿಗೆಯ ವೈರು ಸಿಕ್ಕಿಸಿ ನೋಡಿದ.

"ಟರ್ಬೋ ಹತ್ರ ಬಿಸಿ ನೋಡೋ ಸೆನ್ಸರ್ ಐತೆ ಅಜ್ಜಿ. ಅದ್ರಿಂದ ಸುದ್ದೀನೇ ಬತ್ತಿಲ್ಲ. ಎಷ್ಟು ಕಾದೈತೆ ಅಂತ ಗೊತ್ತಾಗ್ದೆ ಇಂಜಿನ್ನು ಹೆದ್ರಿಕೊಂಡು ಮೆತ್ತಗೆ ಹೋಗ್ತೈತೆ."

"ಟರ್ಬೋ ಅಂದ್ರೆ ಏನ್ಲಾ?"

"ನಿಮ್ಮ ಒಲೆಗೆ ಊದುಕೊಳವೆ ಇಲ್ವಾ? ಹಂಗೆ. ಗಾಳಿ ಊದಿ ಇಂಜಿನ್ನಿಗೆ ಜೋರು ಕೊಡ್ತೈತೆ."

ಪೆಟ್ಟಿಗೆಯ ಪರದೆಯಲ್ಲಿ ಮಂಜುಗಡ್ಡೆಗಿಂತ ತಣ್ಣಗೆ, ಮೈನಸ್ ನಲವತ್ತು ಅಂತ ಇತ್ತಂತೆ. ಇತ್ತ ಬಾನೆಟ್ಟಿನ ಮೇಲೆ ನಾನು ಊರಿಗೆಲ್ಲ ರೊಟ್ಟಿ ಸುಡಬಹುದಿತ್ತು.

"ಸುಳ್ಳು ಹೇಳೋದ್ರಲ್ಲಿ ನನ್ನೇ ಮೀರಿಸ್ತಲ್ಲೋ ಇದು!" ಎಂದೆ. ಯೋಗಾನಂದ ನಕ್ಕ. ಓಂಕಾರೇಶ ನಗಲಿಲ್ಲ.

ಇಂಜಿನ್ ಆರಿದ ಮೇಲೆ ಯೋಗಾನಂದ ಸೆನ್ಸರಿನ ಕೊಂಡಿ ಬಿಚ್ಚಿ ಮೀಟರ್ ಹಿಡಿದ. ಸೆನ್ಸರು ಸರಿಯಾಗಿತ್ತು. ಆಮೇಲೆ ವೈರಿನ ಎರಡು ತುದಿಗೂ ಮೀಟರ್ ಮುಟ್ಟಿಸಿದ. ವೈರು ಸರಿಯಿದ್ದರೆ ಕುಯ್ ಅನ್ನಬೇಕಾದ ಮೀಟರು ಮೂಕವಾಗಿತ್ತು. "ನಡುವೆ ಎಲ್ಲೋ ಹರ್ದೈತೆ" ಎಂದು, ಮಗುವಿನ ತಲೆಯಲ್ಲಿ ಹೇನು ಹುಡುಕುವ ಹಾಗೆ ವೈರುಗಳ ಮೇಲೆ ಬೆರಳಾಡಿಸುತ್ತಾ ಹೋದ. ಒಂದು ಕಡೆ ಬೆರಳು ನಿಂತಿತು.

"ಇದನ್ಯಾರು ಕಟ್ಟಿದ್ದು?"

ಬಗ್ಗಿ ನೋಡಿದೆ. ಇದ್ದಿಲಿನಂತೆ ಕಪ್ಪಾದ ದಾರ. ಅದರ ನಡುವೆ ಸುರುಟಿದ ಅರಿಶಿನದ ಕೊಂಬು.

ಎಲ್ಲರೂ ಆಯುಧಪೂಜೆಯ ಕಂಕಣವನ್ನು ಸ್ಟೇರಿಂಗಿಗೆ ಕಟ್ಟುತ್ತಾರೆ. ನನ್ನ ಮಗಳು ಹಾಗಲ್ಲ. "ದುಡಿಯೋದು ಇಂಜಿನ್ನು, ಕಂಕಣ ಸ್ಟೇರಿಂಗಿಗಾ?" ಎಂದು ಬಾನೆಟ್ ಎತ್ತಿಸಿ ಒಳಗೇ ಕಟ್ಟುತ್ತಿದ್ದಳು. ನಮ್ಮ ಮನೆಯಲ್ಲಿ ಕಂಕಣಕ್ಕೆ ಕತ್ತರಿ ತಾಗಿಸುವುದಿಲ್ಲ. ಕಟ್ಟಿದವರೇ ಬಿಚ್ಚಬೇಕು. ವರ್ಷ ವರ್ಷವೂ ಅವಳೇ ಹಳೆಯದನ್ನು ಬಿಚ್ಚಿ ಹೊಸದು ಕಟ್ಟುತ್ತಿದ್ದಳು. ಹೋದ ವರ್ಷ ಸಾವಿನ ಮನೆ ಅಂತ ಪೂಜೆಯನ್ನೇ ಮಾಡಲಿಲ್ಲ. ಗಂಟು ಹಾಗೇ ಉಳಿದಿತ್ತು. ಅದು ವೈರುಗಳನ್ನು ಕಬ್ಬಿಣದ ಪಟ್ಟಿಗೆ ಬಿಗಿದು ಹಿಡಿದಿತ್ತು. ಕಾದು, ಅಲುಗಾಡಿ, ಉಜ್ಜಿ ಉಜ್ಜಿ ಒಂದು ವೈರು ತುಂಡಾಗಿತ್ತು.

"ಬಿಚ್ಚಕ್ಕಾಗಲ್ಲ ಅಜ್ಜಿ. ಎಣ್ಣೆ ಕುಡ್ದು ಬೆಂದು ಕಲ್ಲಾಗೈತೆ. ಕತ್ತರಿಸ್ಬೇಕು."

"ಅದನ್ನ ಮುಟ್ಬೇಡ ಕಣೋ. ಪಕ್ಕದಾಗೆ ಬೇರೆ ವೈರ್ ಎಳಿ," ಎಂದೆ.

"ಎಳೀಬೋದು. ಇದು ಹಿಂಗೇ ಬಿಗ್ದಿದ್ರೆ ನಾಳೆ ಇನ್ನೊಂದು ವೈರ್ ಹರೀತೈತೆ. ಕಿಡಿ ಹಾರಿದ್ರೆ ಎಣ್ಣೆ ದಾರ, ಹತ್ಕೊಂಡು ಉರೀತೈತೆ. ಡಾಕ್ಟ್ರು ಕಾವಲಲ್ಲಿ ಒಬ್ರೇ ಓಡಾಡೋರು ಅಜ್ಜಿ."

ಓಂಕಾರೇಶ ಮುಂದೆ ಬಂದು ಯೋಗಾನಂದನ ಕೈಯಿಂದ ಕತ್ತರಿ ತೆಗೆದುಕೊಂಡ. ಇವನಿಗೇನು, ಕಚಕ್ ಅನ್ನಿಸಿಬಿಡುತ್ತಾನೆ ಅಂದುಕೊಂಡೆ. ದಾರದ ಹತ್ತಿರ ಒಯ್ದ. ಹಿಂದಕ್ಕೆಳೆದ. ಕತ್ತರಿಯನ್ನು ಕಾರಿನ ಅಂಚಿನ ಮೇಲೆ ಇಟ್ಟುಬಿಟ್ಟ.

"ನಂಗೆ ಗೊತ್ತಿತ್ತು ಅತ್ತೆ, ಇದು ಇಲ್ಲಿದೆ ಅಂತ. ಸೋಮವಾರ ನಿಮ್ಮ ಹತ್ರ ಬರೋಕ್ ಮುಂಚೆ ಬಾನೆಟ್ ಎತ್ತಿ ಒಂದ್ಸಲ ನೋಡ್ಕೊಂಡೇ ಹೊರಡ್ತೀನಿ. ತರೀಕೆರೆಯೋನು ದಾರಕ್ಕೆ ಕೈ ಹಾಕಕ್ಕೆ ಬಂದ. ಅದೊಂದು ಮುಟ್ಬೇಡ ಅಂದೆ. ಅವ್ನು ಸೆನ್ಸರ್ ಮಾತ್ರ ಹಾಕಿ ಕಳ್ಸಿದ." ದಾರದ ಮೇಲಿನ ಮಸಿಯನ್ನು ಬೆರಳಿನಿಂದ ಒರೆಸಿದ. "ಆ ಕರು ಹೋಗಿದ್ದು ನನ್ನಿಂದ ಅತ್ತೆ. ಆದ್ರೂ ಕೈ ಬರ್ತಿಲ್ಲ."

ಯೋಗಾನಂದ ಟೀ ತರುತ್ತೇನೆಂದು ಹೊರಗೆ ಹೋದ.

"ನೀವು ಹೆತ್ತೋರು. ನೀವೇ ಮಾಡಿ ಅತ್ತೆ," ಎಂದ ಓಂಕಾರೇಶ.

"ಅವಳಿಗೆ ತಾಳಿ ಕಟ್ಟಿದೋರು ನೀವು. ನೀವೇ ಮಾಡಿ ಡಾಕ್ಟ್ರೇ," ಎಂದೆ.

ಆ ಮನುಷ್ಯ ಅಳುವುದನ್ನು ಅಂದೇ ಮೊದಲು ನೋಡಿದ್ದು. ನಾನೂ ಅತ್ತೆ. ಅಜ್ಜಂಪುರದ ಕೆರೆ ಕೋಡಿ ಬಿದ್ದಿತು ಅಂದರೆ ಈ ಸಲ ಯಾರೂ ನನ್ನನ್ನು ಸುಳ್ಳಿ ಅನ್ನಬೇಡಿ. ಕತ್ತರಿ ನಮ್ಮಿಬ್ಬರ ನಡುವೆ ಬಿದ್ದಿತ್ತು. ಕಾವಲಿನಲ್ಲಿ ಇನ್ನೂ ಎಷ್ಟೋ ಹಸುಗಳು ಗಬ್ಬವಾಗಿದ್ದವು.

ಕಾರು ಈಗ ವಿಮಾನದ ಹಾಗೆ ಓಡುತ್ತಿದೆ. ಅರಿಶಿನದ ಕೊಂಬು ದೇವರ ಗೂಡಿನಲ್ಲಿದೆ. ಆ ಕತ್ತರಿ ಎತ್ತಿಕೊಂಡ ಕೈ ಯಾರದು, ನೀವೇ ಹೇಳಿ ನೋಡೋಣ. ಬಳೆ ಸದ್ದಾಯಿತೇ ಎಂದು ಮಾತ್ರ ಕೇಳಬೇಡಿ. ನಮ್ಮಿಬ್ಬರ ಕೈಯಲ್ಲೂ ಬಳೆ ಇರಲಿಲ್ಲ.