ಭಾನುವಾರದ ಮೈಕು

"ಒಳಗೆ ಬಾ ಅನ್ನಾಕೂ ಬಾಯಿಲ್ಲೇನೇ ನಿಂಗೆ?" ಹೊಸ್ತಿಲಾಚೆ ನಿಂತೇ ಲಕ್ಷ್ಮಕ್ಕ ಗದರಿದಳು.

ಶೈಲಾ ತಲೆಯೆತ್ತಲಿಲ್ಲ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಬಿತ್ತನೆಯ ಶೇಂಗಾ ಸುಲಿಯುತ್ತಿದ್ದಳು. ಮಿಷನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆಂದು ಅವರ ಮನೆಯಲ್ಲಿ ಇಂದಿಗೂ ಕೈಯಲ್ಲೇ ಸುಲಿಯುತ್ತಾರೆ.

"ಬಾಯಿ ನಿಮಗೈತಲ್ಲ, ಇಬ್ಬರಿಗೂ ಸಾಕಾಗೋವಷ್ಟು."

ಲಕ್ಷ್ಮಕ್ಕನಿಗೆ ಚುರ್ ಎಂದಿತು. ಶೈಲಾ ಪಕ್ಕದ ಮನೆಯ ಸೊಸೆಯಾದರೂ ಮಗಳಂತಿದ್ದವಳು. ಎರಡು ಸಲ ಬಸಿರು ನಿಲ್ಲದೆ ಹೋದದ್ದನ್ನೂ ಈಗ ಮತ್ತೆ ಎರಡು ತಿಂಗಳೆಂಬುದನ್ನೂ ಗಂಡ ಮಾರುತೇಶನನ್ನು ಬಿಟ್ಟರೆ ಲಕ್ಷ್ಮಕ್ಕನೊಬ್ಬಳಿಗೇ ಹೇಳಿದ್ದಳು. ಕಳೆದ ಭಾನುವಾರ ತಗಡಿನ ಪ್ರಾರ್ಥನಾ ಮಂದಿರದಲ್ಲಿ, ಯಾರಿಗಾಗಿ ಬೇಡಿಕೊಳ್ಳೋಣ ಎಂದು ಪಾಸ್ಟರು ಕೇಳಿದ್ದೇ ತಡ, ಲಕ್ಷ್ಮಕ್ಕ ಮೈಕು ಇಸಿದುಕೊಂಡು ಅಳುತ್ತ ಅದೆಲ್ಲವನ್ನೂ ಯೇಸುಸ್ವಾಮಿಗೆ ಒಪ್ಪಿಸಿಬಿಟ್ಟಳು. ಸಂಜೆಯೊಳಗೆ ಸುದ್ದಿ ಶೈಲಾಳ ಅತ್ತೆಯ ಕಿವಿಗೆ ಬಿತ್ತು. ನನ್ನಿಂದಲೇ ಮುಚ್ಚಿಟ್ಟರಲ್ಲ ಎಂದು ಅತ್ತೆ ಸೊಸೆಯ ಜೊತೆ ಮಾತು ಬಿಟ್ಟಳು.

"ನಾನೇನು ಊರಿಗೆ ಸಾರಿದ್ನಾ? ದೇವ್ರ ಹತ್ರ ಹೇಳ್ದೆ. ನಿನ್ ಒಳ್ಳೇದಕ್ಕೇ ಹೇಳ್ದೆ."

"ದೇವ್ರಿಗೇನು ಕಿವಿ ಮಂದವೇನ್ರಿ, ಮೈಕ್ ಹಿಡ್ಕಂಡು ಹೇಳಾಕೆ?"

ಲಕ್ಷ್ಮಕ್ಕನ ಬಾಯಿಗೆ ಖಾರದ ಮಾತೊಂದು ಬಂತು. ಆದರೆ ಅಷ್ಟರಲ್ಲಿ ಶೈಲಾಳ ದನಿ ಇಳಿದಿತ್ತು.

"ಮನೆಯಾಗೆ ಹೇಳಾಕಾಗದ್ದನ್ನ ಅಲ್ಲಿ ಮೊಣಕಾಲೂರಿ ಹೇಳ್ಕಂತಿದ್ದೆ. ಎದ್ದಾಗ ಎದೆ ಹಗುರಾಗಿರ್ತಿತ್ತು. ಆ ಎರಡು ಸಲಾನೂ ನನ್ನ ಹಿಡಿದು ನಿಲ್ಸಿದ್ದು ಅದೊಂದೇ. ಈಗ ಕಣ್ಣು ಮುಚ್ಚಿದ್ರೆ ಯಾರೋ ಕೇಳಿಸ್ಕಂತಾ ಅದಾರೆ ಅನ್ನಿಸ್ತೈತೆ. ನಾಲ್ಕು ದಿನ ಆತು ಲಕ್ಷ್ಮಕ್ಕ, ಪ್ರಾರ್ಥನೆ ಮಾಡಾಕೇ ಆಗ್ತಿಲ್ಲ."

ದನಿ ಏರಿದಷ್ಟೂ ಬೇಗ ಮೇಲಕ್ಕೆ ಮುಟ್ಟುತ್ತದೆಂದೇ ಲಕ್ಷ್ಮಕ್ಕ ಇಷ್ಟು ವರ್ಷ ನಂಬಿದ್ದಳು. ಅವಳ ಗಂಟಲಿಗೆ ಆ ಮಂದಿರದಲ್ಲಿ ಹೆಸರಿತ್ತು. ಈಗ ಚಪ್ಪಲಿ ಬಿಟ್ಟು ಒಳಗೆ ಬಂದು ಶೈಲಾಳೆದುರು ಕೂತಳು.

"ತಪ್ಪಾತು ಕಣೇ. ನಿಮ್ಮತ್ತೆಗೂ ನಾನೇ ಹೇಳ್ತೀನಿ..."

"ಅಯ್ಯೋ, ಮತ್ತೆ ಹೇಳಾಕೆ ಹೋಗಬ್ಯಾಡ್ರಿ! ಸುಮ್ನೆ ಕುತ್ಕಳ್ರಿ, ಅಷ್ಟೇ ಸಾಕು."

ಲಕ್ಷ್ಮಕ್ಕ ಒಂದು ಹಿಡಿ ಶೇಂಗಾ ಮಡಿಲಿಗೆ ಸುರಿದುಕೊಂಡಳು. ಹೆಬ್ಬೆರಳಲ್ಲಿ ಅದುಮಿ, ಬೀಜಕ್ಕೆ ಪೆಟ್ಟಾಗದಂತೆ ಸಿಪ್ಪೆ ಬಿಡಿಸತೊಡಗಿದಳು. ಹೊರಗೆ ಕುರಿಗಳು ಹಾದುಹೋದವು.

ಸ್ವಲ್ಪ ಹೊತ್ತಿಗೆ ಶೈಲಾ ಓರೆಗಣ್ಣಲ್ಲಿ ನೋಡಿದಳು. ಲಕ್ಷ್ಮಕ್ಕ ಕಣ್ಣು ಮುಚ್ಚಿದ್ದಳು. ತುಟಿಗಳು ಬಿಗಿದಿದ್ದವು, ಕತ್ತಿನ ನರ ಮಾತ್ರ ಏನನ್ನೋ ತಡೆಹಿಡಿದಂತೆ ಉಬ್ಬಿತ್ತು. ಕೈ ತನ್ನ ಪಾಡಿಗೆ ಸುಲಿಯುತ್ತಿತ್ತು. ಶೈಲಾಳ ಕೈ ನಿಂತಿತು. ಅವಳೂ ಕಣ್ಣು ಮುಚ್ಚಿದಳು. ಅಂಗಳದ ಬಿಸಿಲು ಹೊಸ್ತಿಲು ದಾಟುವವರೆಗೂ ತೆರೆಯಲಿಲ್ಲ.

"ಏನ್ ಬೇಡ್ಕಂಡ್ರಿ?" ಎಂದಳು ಆಮೇಲೆ.

"ನಿಂಗ್ಯಾಕೆ ಹೇಳ್ಲಿ?"

ಶೈಲಾ ನಗು ತಡೆಯುತ್ತ ಬೀಜದ ಮೊರವನ್ನು ಇಬ್ಬರ ನಡುವೆ ಎಳೆದಳು. ಲಕ್ಷ್ಮಕ್ಕ ಮಡಿಲಲ್ಲಿದ್ದ ಬೀಜಗಳನ್ನು ಸುರಿಯಲಿಲ್ಲ. ಒಂದೊಂದಾಗಿ, ಸದ್ದಾಗದಂತೆ, ಅದರೊಳಗಿಟ್ಟಳು.