ಕಪ್ಪು ಚೀಲದ ಹೊಟ್ಟು

ಹಿತ್ತಲಿಗೆಲ್ಲ ಕಲ್ಲು ಹಾಸಿಸಿಬಿಡುವುದೆಂದು ಅಕ್ಕ ತೀರ್ಮಾನಿಸಿದ್ದಳು. ಅದಕ್ಕೆ ಮುಂಚೆ ಗೊಬ್ಬರದ ಪೆಟ್ಟಿಗೆ ಬಿಚ್ಚಿಕೊಡು, ಭಾನುವಾರ ಬೆಳಗ್ಗೆ ಬಾ ಎಂದು ತಮ್ಮನಿಗೆ ಫೋನ್ ಮಾಡಿದಳು. ಪೆಟ್ಟಿಗೆ ಮಾಡಿಕೊಟ್ಟವನೂ ಅವನೇ, ಕಸುಬಿನಿಂದ ಬಡಗಿ.

ಬಡಗಿ ಸುತ್ತಿಗೆ, ಸಲಾಕಿ ಹಿಡಿದು ಹೊರಟ. ದಾರಿಯುದ್ದಕ್ಕೂ ಒಂದೇ ಯೋಚನೆ: ಇವತ್ತಾದರೂ ಹೇಳಿಬಿಡಬೇಕು. ಎರಡೂವರೆ ವರ್ಷದಿಂದ ಪ್ರತಿ ಸಲವೂ ಇದೇ ಶಪಥ ಮಾಡಿಕೊಂಡು ಬಂದು, ಟೀ ಕುಡಿದು, ಹವೆಯ ಬಗ್ಗೆ ನಾಲ್ಕು ಮಾತಾಡಿ ವಾಪಸಾಗುತ್ತಿದ್ದ ಮಹಾನುಭಾವ ಅವನು.

ಅಕ್ಕ ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಕೈಗುಣದವಳು ಎಂದು ಹೆಸರು. ಅವಳ ಪಾಳಿ ಬರಲಿ ಎಂದು ಹೆಂಗಸರು ನೋವನ್ನೇ ತಡೆದುಕೊಳ್ಳುತ್ತಿದ್ದರಂತೆ. ಇದು ಬೀದಿಯವರು ಉಪ್ಪು ಖಾರ ಹಚ್ಚಿ ಹೇಳುವ ಮಾತು, ಅರ್ಧ ಬಿಟ್ಟು ಅರ್ಧ ನಂಬಬಹುದು. ನಿವೃತ್ತಿಯಾದ ಮೇಲೆ ಆ ಕೈ ಹಿತ್ತಲ ಮಣ್ಣಿಗಿಳಿಯಿತು. ಬೀದಿಯಲ್ಲಿ ಯಾರು ಸಸಿ ತಂದರೂ "ಒಂಚೂರು ನೀವೇ ನೆಟ್ಟುಕೊಡಿ" ಎಂದು ಅವಳನ್ನು ಕರೆಯುವುದು ರೂಢಿಯಾಯಿತು.

ಗೊಬ್ಬರದ ಪೆಟ್ಟಿಗೆಯನ್ನೂ ಅವಳು ವಾರ್ಡಿನಂತೆಯೇ ನಡೆಸುತ್ತಿದ್ದಳು. ಮೂರು ಖಾನೆ. ಒಂದು ತುಂಬುವುದಕ್ಕೆ, ಒಂದು ಮಾಗುವುದಕ್ಕೆ, ಒಂದು ಬಳಸುವುದಕ್ಕೆ. ದಿನಾ ಬೆಳಗ್ಗೆ ತರಕಾರಿ ಸಿಪ್ಪೆ, ಟೀ ಚರಟ, ಮೊಟ್ಟೆ ಚಿಪ್ಪು ಹಾಕಿ ಮೇಲೊಂದು ಪದರ ಒಣ ಎಲೆ ಹೊದಿಸಬೇಕು. ವಾರಕ್ಕೊಮ್ಮೆ ತಿರುವಿ ಹಾಕಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಒಂದೇ ಹನಿ ನೀರು ಬೀಳಬೇಕು, ಎರಡು ಬಿದ್ದರೆ ಒದ್ದೆ ಹೆಚ್ಚಾಯಿತು ಎಂದು ಲೆಕ್ಕ. ಒಣ ಎಲೆ ಸಿಗದ ಕಾಲಕ್ಕೆ ತಮ್ಮನ ಮರದ ಹೊಟ್ಟು ಇದ್ದೇ ಇತ್ತು.

ಬಡಗಿಯ ಮಳಿಗೆಯಲ್ಲಿ ಎರಡು ಚೀಲಗಳಿದ್ದವು. ಬಿಳಿ ಚೀಲದಲ್ಲಿ ಬರಿ ಮರದ ಹೊಟ್ಟು, ಅಕ್ಕನಿಗೆ. ಕಪ್ಪು ಚೀಲದಲ್ಲಿ ಗೆದ್ದಲು ಹಿಡಿಯದಂತೆ ಔಷಧಿ ಕುಡಿಸಿದ ಹಲಗೆಗಳ ಹೊಟ್ಟು, ಬಿಸಾಡುವುದಕ್ಕೆ. ಈ ನಿಯಮ ಮಾಡಿದವನೂ ಅವನೇ. ಸುಮಾರು ಮೂರು ವರ್ಷದ ಹಿಂದೆ ಒಂದು ತಿಂಗಳು ಯಾವುದೋ ಅಂಗಡಿಯ ಕಪಾಟುಗಳ ಕೆಲಸ ಬಂದಿತ್ತು, ಎಲ್ಲ ಔಷಧಿಯ ಹಲಗೆ. ಅಕ್ಕ ಮೂರು ಸಲ ಫೋನ್ ಮಾಡಿದಳು. "ಪೆಟ್ಟಿಗೆ ನಾರ್ತಿದೆ ಕಣೋ. ಪಕ್ಕದ ಮನೆಯವ್ರು ಕಿಟಕಿ ಮುಚ್ಕೊಂಡು ಕೂತಿದ್ದಾರೆ. ಹೊಟ್ಟು ಕಳಿಸು."

ಬಿಳಿ ಚೀಲ ಬರಿದಾಗಿತ್ತು. ಒಂದು ಚೀಲದಿಂದ ಏನು ಮಹಾ ಆಗುತ್ತೆ ಎಂದುಕೊಂಡ. ಕಪ್ಪು ಚೀಲದ್ದನ್ನು ಬಿಳಿ ಚೀಲಕ್ಕೆ ಸುರಿದು ಕಳಿಸಿಕೊಟ್ಟ.

ನಾಲ್ಕು ತಿಂಗಳ ಮೇಲೆ ಆ ಗೊಬ್ಬರ ಪಾತಿಗಳಿಗೆಲ್ಲ ಬಿತ್ತು. ಮೊದಲು ಹುರುಳಿಕಾಯಿ ಎಲೆಯ ಅಂಚು ಹಳದಿಯಾಯಿತು, ಆಮೇಲೆ ಸುಟ್ಟಂತಾಯಿತು. ಟೊಮೆಟೊ ಹೋಯಿತು, ನಿಂಬೆ ಹೋಯಿತು. ಅಕ್ಕನದು ಕೊಡುವ ಕೈ ಬೇರೆ. ಎರಡು ಮನೆಗೆ ಬುಟ್ಟಿ ತುಂಬ ಗೊಬ್ಬರ ಕೊಟ್ಟಿದ್ದಳು, ಅವರ ಗಿಡಗಳೂ ಒಣಗಿದವು. ಅವರು ಏನೂ ಅನ್ನಲಿಲ್ಲ. ಸಸಿ ನೆಡಲು ಕರೆಯುವುದನ್ನು ಬಿಟ್ಟರು, ಅಷ್ಟೇ.

"ನನ್ನ ಕೈಗುಣ ಹೋಯ್ತು ಕಣೋ," ಎಂದಳು ಅಕ್ಕ.

"ಈ ಸಲ ಹವೆ ಸರಿ ಇಲ್ಲ ಅಕ್ಕ," ಎಂದ ತಮ್ಮ. ಪಕ್ಕದ ಮನೆಯವರು "ಮಣ್ಣಿಗೆ ಏನಾದ್ರೂ ಸೇರಿದ್ಯೋ ಏನೋ" ಎಂದಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಅರ್ಧ ಟೀ ಬಿಟ್ಟು ಎದ್ದು ಹೋದ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವ ಸ್ಥಿತಿಗೆ ತಂದುಕೊಳ್ಳುವುದು ಹೀಗೆಯೇ.

ಈಗ ಅವನು ಪೆಟ್ಟಿಗೆಯ ಮುಂದಿನ ಹಲಗೆಗಳನ್ನು ಎಬ್ಬಿಸಿ ಗೋಡೆಗೆ ಒರಗಿಸಿದ. ಮೂರನೆಯ ಖಾನೆಯ ತಳದಲ್ಲಿ ಒಂದು ಗೇಣು ಕಪ್ಪು ಮಣ್ಣು ಉಳಿದಿತ್ತು. ಸಲಾಕಿಯಿಂದ ಕೆದಕಿದರೆ ಎರೆಹುಳು. ಒಂದಲ್ಲ, ಹತ್ತಿಪ್ಪತ್ತು. ಎರಡು ಮಳೆಗಾಲ ತೊಳೆದು ತೊಳೆದು ಮಣ್ಣು ತಾನಾಗಿ ವಾಸಿಯಾಗಿತ್ತು.

"ಅಕ್ಕ, ಬಾ ಇಲ್ಲಿ. ಹುಳ ಬಂದಿದೆ."

ಅಕ್ಕ ಬಂದಳು, ಬಗ್ಗಿ ನೋಡಿದಳು. ಕೈ ಮಾತ್ರ ಬೆನ್ನ ಹಿಂದೆಯೇ ಇತ್ತು. "ನೀನೇ ತಗೊಂಡು ಹೋಗು. ನಾನು ಮುಟ್ಟಲ್ಲ. ಅವಾದ್ರೂ ಬದುಕ್ಕೊಳ್ಳಲಿ."

ಆ ಮಾತು ಕೇಳಿದ ಮೇಲೆ ಬಡಗಿಗೆ ತಡೆಯಲಾಗಲಿಲ್ಲ. "ನಿನ್ನ ಕೈಯಲ್ಲಿ ಏನೂ ತಪ್ಪಿರಲಿಲ್ಲ ಅಕ್ಕ," ಎಂದ. ಚೀಲಗಳ ಕತೆಯನ್ನು ಮಣ್ಣು ನೋಡಿಕೊಂಡೇ ಹೇಳಿ ಮುಗಿಸಿದ.

ಅಕ್ಕ ಬೋರಲು ಬಿದ್ದಿದ್ದ ಬಕೆಟ್ಟಿನ ಮೇಲೆ ಕೂತಳು.

"ಗೊತ್ತಿದ್ದೂ ಕಳಿಸಿದ್ಯಾ?"

"ಹೂಂ."

"ಗಿಡ ಒಣಗಿದಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಬೈತೀಯ ಅಂತ."

ಐವತ್ತಾರು ವರ್ಷದ ಮನುಷ್ಯ, ಸ್ಲೇಟು ಒಡೆದ ಹುಡುಗನ ಉತ್ತರ. ಅವನಿಗೇ ನಾಚಿಕೆಯಾಯಿತು.

"ಬೈದಿದ್ರೆ ಎರಡು ದಿನಕ್ಕೆ ಮುಗೀತಿತ್ತು," ಎಂದಳು ಅಕ್ಕ. "ಗಿಡ ಹೋದ್ರೆ ಹೋಯ್ತು ಕಣೋ. ಆದ್ರೆ ಆ ತಿಂಗಳೇ ನನ್ನ ಮಗಳು ಹೆತ್ತಿದ್ದು."

ಬಡಗಿಗೆ ಆ ದಿನ ನೆನಪಿತ್ತು. ಮಗುವನ್ನು ಮನೆಗೆ ತಂದಾಗ ಎಲ್ಲರೂ ಒಬ್ಬರ ಕೈಯಿಂದ ಒಬ್ಬರು ಎತ್ತಿಕೊಂಡಿದ್ದರು. ಅಕ್ಕ ಸೊಂಟ ನೋವೆಂದು ಬಾಗಿಲ ಬಳಿ ನಿಂತಿದ್ದಳು. "ಊರ ಮಕ್ಕಳನ್ನೆಲ್ಲ ಎತ್ತಿದವಳಿಗೆ ಸ್ವಂತ ಮೊಮ್ಮಗಳು ಭಾರವಾದ್ಲಾ?" ಎಂದು ಅವನೇ ಛೇಡಿಸಿದ್ದ. ಎಲ್ಲರೂ ನಕ್ಕಿದ್ದರು, ಬಾಣಂತಿ ಒಬ್ಬಳನ್ನು ಬಿಟ್ಟು.

"ನಂಗೆ ಸೊಂಟ ನೋವಿರಲಿಲ್ಲ," ಎಂದಳು ಅಕ್ಕ. "ಮುಟ್ಟಿದ್ದೆಲ್ಲ ಒಣಗ್ತಿತ್ತು. ಹೇಗೋ ಎತ್ಕೊಳ್ಳಲಿ? ಹುಚ್ಚುತನ ಅಂತ ನಂಗೂ ಗೊತ್ತು, ನಾನೇನು ಓದದವಳಲ್ಲ. ಆದ್ರೂ ಕೈ ಮುಂದೆ ಬರ್ಲಿಲ್ಲ. ಒಂದು ದಿನ ಬರ್ಲಿಲ್ಲ, ಮಾರನೇ ದಿನ ಬರ್ಲಿಲ್ಲ, ಹಾಗೇ ಆಗೋಯ್ತು."

"ಈಗ ಎತ್ಕೋ ಅಕ್ಕ. ಈಗ ಗೊತ್ತಾಯ್ತಲ್ಲ."

"ಹೋದ ವಾರ ಮೊಮ್ಮಗಳು ಬಂದಿದ್ಲು. ಇಲ್ಲೇ, ಈ ಹಿತ್ತಲಲ್ಲೇ ಎಡವಿ ಬಿದ್ಲು. ಆಗ ಕೈಗುಣ ಗೀಗುಣ ಏನೂ ನೆನಪಾಗ್ಲಿಲ್ಲ, ಎರಡೂ ಕೈ ಚಾಚ್ಕೊಂಡು ಓಡಿದೆ. ನನ್ನ ಮುಖ ನೋಡಿದ್ಲು. ನನ್ನ ಪಕ್ಕದಿಂದ ದಾಟ್ಕೊಂಡು ಒಳಗೆ ಅಮ್ಮನ ಹತ್ರ ಹೋದ್ಲು. ಅಲ್ಲೀತನಕ ಅಳು ಹಿಡ್ಕೊಂಡಿದ್ಲು ಕಣೋ, ಅಮ್ಮನ ಮಡಿಲು ಸಿಕ್ಕಿದ ಮೇಲೆ ಅತ್ಲು."

ಆ ಜಾಗ ಮತ್ತೆ ಕಣ್ಣಿಗೆ ಬೀಳದಿರಲೆಂದೇ ಕಲ್ಲು ಹಾಸಿಸುವುದು ಎಂದು ಬಡಗಿಗೆ ಅರ್ಥವಾಯಿತು. "ಪೆಟ್ಟಿಗೆ ಮತ್ತೆ ಕೂಡಿಸ್ಲಾ?" ಎಂದ.

"ಕೂಡಿಸು. ಅದೊಂದು ಬರುತ್ತೆ ನಿಂಗೆ."

ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಂಡಿ ನೋಡಿದಳು, ಹಾಗೇ ಖಾನೆಗೆ ಹಾಕಿದಳು. ಒಳಗೆ ಹೋಗಿ ಕೈ ತೊಳೆದಳು. ಅಡುಗೆಮನೆಯ ನಲ್ಲಿ ತುಂಬ ಹೊತ್ತು ಹರಿಯಿತು. ಬಡಗಿ ಹಲಗೆ ಎತ್ತಿ ಕೂರಿಸಿ ಮೊಳೆ ಹಿಡಿದ. ಅಷ್ಟರಲ್ಲಿ ಕಿಟಕಿಯಿಂದ ಅಕ್ಕನ ದನಿ ಕೇಳಿಸಿತು, ಮಗಳಿಗೆ ಫೋನ್ ಮಾಡಿದ್ದಳು. ಎತ್ತಿದ ಸುತ್ತಿಗೆಯನ್ನು ಹೊಡೆಯದೆ ಹಾಗೇ ಹಿಡಿದು ನಿಂತ. ಈಗ ತನ್ನ ಹೆಸರು ಬರುತ್ತದೆ, ಬರಲಿ ಎಂದು ಕಾದ.

"ಏನಿಲ್ಲ, ಸುಮ್ನೆ ಮಾಡ್ದೆ," ಎನ್ನುತ್ತಿದ್ದಳು ಅಕ್ಕ. "ನನ್ನ ಸೊಂಟ ನೋವು ವಾಸಿಯಾಯ್ತು ಅಂತ ಹೇಳೋಣ ಅಂತ."

ಆ ಕಡೆಯಿಂದ ಏನೋ ಚಿಕ್ಕ ಮಾತು ಬಂದಿರಬೇಕು.

"ಹೂಂ," ಎಂದಳು ಅಕ್ಕ. "ಈಗ ಅವಳೇ ಓಡಾಡ್ತಾಳೆ, ಎತ್ಕೊಳ್ಳೋರು ಬೇಕಿಲ್ಲ. ಗೊತ್ತು."