ಚೌಡಮ್ಮನ ಹಾಜರಿ

"ಮೂರ್ನೇವ್ರು ಏನಂತಾರೆ, ಅದ್ನ ಹೇಳು" ಎಂದಳು ಚೌಡಮ್ಮ, ಕಾಫಿ ಹಣ್ಣು ಕುಯ್ಯುವ ಬುಟ್ಟಿಗೆ ಸೊಂಟದ ಹಗ್ಗ ಬಿಗಿಯುತ್ತಾ.

ಎಸ್ಟೇಟಿನ ಆಳುಗಳ ಲೈನ್ ಮನೆಯ ಜಗಲಿಗೆ ಭಾನುವಾರದ ಬಿಸಿಲು ಬಿದ್ದಿತ್ತು. ಮಗಳು ಲಕ್ಷ್ಮಿ ಸಕಲೇಶಪುರದಲ್ಲಿ ಎರಡನೇ ಬಿ.ಎ. ಓದುತ್ತಿದ್ದಳು. ರಜೆ ಮುಗಿದ ಕೂಡಲೇ ಸಮಾಜಶಾಸ್ತ್ರದ ಸೆಮಿನಾರು. ಮೂರು ಸಿದ್ಧಾಂತಗಳನ್ನು ಹೋಲಿಸಬೇಕು, ಉದಾಹರಣೆ ಮಾತ್ರ ಪುಸ್ತಕದ್ದಾಗಿರಬಾರದು ಎಂದು ಜಗದಾಂಬ ಮೇಡಂ ಕಟ್ಟಪ್ಪಣೆ ಮಾಡಿದ್ದರು. ಲಕ್ಷ್ಮಿ ಎಸ್ಟೇಟಿನ ಬೆಳಗಿನ ಹಾಜರಿಯನ್ನೇ ಆರಿಸಿಕೊಂಡಿದ್ದಳು.

ಕಾರ್ಯಾತ್ಮಕ ಸಿದ್ಧಾಂತದವರ ಪ್ರಕಾರ ಹಾಜರಿ ಕೂಗದಿದ್ದರೆ ತೋಟವೇ ನಡೆಯುವುದಿಲ್ಲ, ಕೂಗುವವನೂ ಬೇಕು, ಓಗೊಡುವವಳೂ ಬೇಕು. "ದಿಟಾನೇ" ಎಂದಿದ್ದಳು ಚೌಡಮ್ಮ. ಕೂಗುವವನು ಯಾವಾಗಲೂ ಅವನೇ ಯಾಕೆ, ಇದರಿಂದ ಲಾಭ ಯಾರಿಗೆ ಅಂತ ಸಂಘರ್ಷ ಸಿದ್ಧಾಂತದವರು ಕೇಳುತ್ತಾರೆ ಎಂದಾಗ, "ಅದೂ ದಿಟಾನೇ" ಎಂದು ನಕ್ಕಿದ್ದಳು.

"ಮೂರನೆಯವರದು ಸಾಂಕೇತಿಕ ಅಂತರಕ್ರಿಯಾವಾದ ಅಂತ. ದಿನಾ ನಿನ್ನ ಏನಂತ ಕರೀತಾರೋ, ನೀನು ಯಾವುದಕ್ಕೆ ಓಗೊಡ್ತೀಯೋ, ಕೊನೆಗೆ ಅದೇ ನೀನಾಗ್ಬುಡ್ತೀಯ ಅಂತಾರೆ ಕಣಮ್ಮ."

ಚೌಡಮ್ಮನ ಕೈ ನಿಂತಿತು. "ಇದ್ನ ಬರ್ದೋರು ಯಾವ ಎಸ್ಟೇಟಲ್ಲಿ ಕೆಲ್ಸ ಮಾಡಿದ್ರು?" ಎಂದು ಕೇಳಿದಳು. ಲಕ್ಷ್ಮಿಗೆ ನಗು ಬಂತು. ತಾಯಿ ನಗಲಿಲ್ಲ.

ಸೋಮವಾರ ಬೆಳಗ್ಗೆ ಸ್ಟೋರಿನ ಮುಂದೆ ಆಳುಗಳೆಲ್ಲ ಸಾಲಾಗಿ ನಿಂತಿದ್ದರು. ರಜೆಯಾದ್ದರಿಂದ ಲಕ್ಷ್ಮಿಯೂ ಕೆಲಸಕ್ಕೆ ಬಂದಿದ್ದಳು. ಹಾಜರಿ ಬರೆಯುವ ರೈಟರ್ ನಟರಾಜ ಪುಸ್ತಕ ಬಿಚ್ಚಿ ಕೂಗತೊಡಗಿದ. ಅವನೇನೂ ಕೆಟ್ಟವನಲ್ಲ. ಹಿಂದಿನ ರೈಟರು ಕೂಗಿದಂತೆ ತಾನೂ ಕೂಗುತ್ತಿದ್ದ, ಅಷ್ಟೆ.

"ಚೌಡೀ!"

ಇಪ್ಪತ್ತೆರಡು ವರ್ಷದಿಂದ "ಇವ್ನಿ ಅಯ್ಯ" ಎನ್ನುತ್ತಿದ್ದ ಬಾಯಿ ಅಂದು ತೆರೆಯಲಿಲ್ಲ. ನಟರಾಜ ತಲೆಯೆತ್ತಿ ನೋಡಿದ. "ಎದುರಿಗೇ ನಿಂತಿದ್ದೀಯಲ್ಲ, ಕಿವಿ ಕೇಳಲ್ವಾ?"

"ಕೇಳ್ತೈತೆ ಅಯ್ಯ. ನನ್ನೆಸ್ರು ಚೌಡಮ್ಮ. ಓಟಿನ ಲಿಸ್ಟಲ್ಲೂ ಅಂಗೇ ಐತೆ, ನಿಮ್ಮ ಬುಕ್ಕಲ್ಲೂ ಅಂಗೇ ಇರ್ಬೇಕು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಟರಾಜನ ಮುಖ ಕೆಂಪೇರಿತು. "ಆಬ್ಸೆಂಟ್" ಎಂದು ಗೀಚಿ ಮುಂದಿನ ಹೆಸರಿಗೆ ಹೋದ. ಚೌಡಮ್ಮ ಖಾಲಿ ಬುಟ್ಟಿ ಹೊತ್ತು ಮನೆಗೆ ನಡೆದಳು. ತನ್ನ ಹೆಸರಿಗೆ "ಬಂದಿದ್ದೀನಿ ಸಾರ್" ಎಂದುಬಿಟ್ಟಿದ್ದ ಲಕ್ಷ್ಮಿ ಉಳಿದವರ ಜೊತೆ ತೋಟಕ್ಕಿಳಿದಳು.

"ನಾನು ಓದಿಗೋಸ್ಕರ ಹೇಳಿದ್ದು ಕಣಮ್ಮ. ಸಾಹುಕಾರ್ರು ಲೈನ್ ಮನೆ ಬಿಡಿ ಅಂದ್ರೆ ಎಲ್ಲಿಗೆ ಹೋಗಾಣ?" ಎಂದಳು ಲಕ್ಷ್ಮಿ, ಸಂಜೆ ಮನೆಗೆ ಬಂದು.

"ನಿಂಗೆ ಉದಾರಣೆ ಬೇಕಿತ್ತು. ನಂಗೆ ಹೆಸ್ರು ಬೇಕು" ಎಂದಳು ಚೌಡಮ್ಮ.

ಮಂಗಳವಾರ ನಟರಾಜ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೆಸರೇ ಕೂಗದೆ, "ಏಯ್, ನೀನೂ ಹೋಗು" ಎಂದು ಕೈ ತೋರಿಸಿದ. ಚೌಡಮ್ಮ ಕದಲಲಿಲ್ಲ. ಆಮೇಲೆ "ಮುನೀ" ಎಂದು ಕೂಗಿದರೆ ಪಕ್ಕದ ಮನೆಯ ಮುನಿಯಮ್ಮನೂ ಆಕಾಶ ನೋಡುತ್ತಾ ನಿಂತುಬಿಟ್ಟಳು. ಲಕ್ಷ್ಮಿಯ ಹೆಸರು ಬಂತು. ಅವಳು ಓಗೊಡದೆ ತಾಯಿಯ ಪಕ್ಕಕ್ಕೆ ಹೋಗಿ ನಿಂತಳು. ಮೂವರೂ ಒಟ್ಟಿಗೆ ಮನೆಗೆ ಹೋದರು.

ಬುಧವಾರ ಓಗೊಡದವರು ಒಂಬತ್ತು ಮಂದಿ. ಗಿಡದಲ್ಲಿ ಹಣ್ಣು ಕಪ್ಪಾಗಿ ಉದುರತೊಡಗಿತ್ತು. ಮೇಲಿನ ರಸ್ತೆಯಲ್ಲಿ ಸಾಹುಕಾರರ ಜೀಪಿನ ಸದ್ದು ಕೇಳಿಸಿತು. ನಟರಾಜ ಒಮ್ಮೆ ರಸ್ತೆ ನೋಡಿದ, ಒಮ್ಮೆ ಪುಸ್ತಕ ನೋಡಿದ, ಗಂಟಲು ಸರಿಮಾಡಿಕೊಂಡ.

"ಚೌಡಮ್ಮ."

ಚೌಡಮ್ಮ ಮಾತಾಡಲಿಲ್ಲ. ಲಕ್ಷ್ಮಿ ಗಾಬರಿಯಿಂದ ಅವಳ ಮೊಣಕೈ ತಿವಿದಳು.

"ಚೌಡಮ್ಮಾ!" ನಟರಾಜ ಇನ್ನೂ ಜೋರಾಗಿ ಕೂಗಿದ.

"ಇವ್ನಿ" ಎಂದಳು ಚೌಡಮ್ಮ. ಅಯ್ಯ ಎನ್ನಲಿಲ್ಲ.

ಗಿಡದ ಬುಡಕ್ಕೆ ಬಂದ ಮೇಲೆ ಲಕ್ಷ್ಮಿ ಕೇಳಿದಳು, "ಮೊದಲನೇ ಸಲ ಕೇಳಿಸ್ಲಿಲ್ವೇನಮ್ಮ?"

"ಕೇಳಿಸ್ತು" ಎಂದಳು ಚೌಡಮ್ಮ, ಕೊಂಬೆ ಬಗ್ಗಿಸಿಕೊಳ್ಳುತ್ತಾ. "ಇನ್ನೊಂದ್ಸಲ ಕೇಳಾಣ ಅನ್ನುಸ್ತು."

ಮೊದಲ ಹಿಡಿ ಹಣ್ಣು ಖಾಲಿ ಬುಟ್ಟಿಯ ತಳಕ್ಕೆ ದಡದಡನೆ ಬಿತ್ತು.